ಜನರಲ್ ವಾರ್ಡಿನ ಮ್ಯಾಚು

ಹಿರೇಹಡಗಲಿಯಲ್ಲಿ ನಮ್ಮ ದವಾಖಾನೆಯ ಸಿಸ್ಟರ್ ಅವರ ಮಣ್ಣು ಮುಗಿಸಿಕೊಂಡು ನಾವೆಲ್ಲ ಕೈಕಾಲು ತೊಳೆಯುತ್ತ ನಿಂತಿದ್ದಾಗ, ಒಂದು ಕಾಲು ಎಳೆದು ನಡೆಯುವ ಲಾರಿ ಡ್ರೈವರೊಬ್ಬ ನನ್ನ ಹತ್ತಿರ ಬಂದು, "ಸಾರ್, ಇನ್ನ ಮ್ಯಾಚು ಯಾರು ಹೇಳ್ತಾರ್ರಿ?" ಎಂದು ಕೇಳಿದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವನನ್ನು ಗದರಿಸಲು ಬಾಯಿ ತೆರೆದರು. ಮಣ್ಣಿಗೆ ಬಂದವನು ಕೇಳುವ ಮಾತೇ ಇದು? ಆದರೆ ನಾನು ಅವರನ್ನು ತಡೆದೆ. ಆ ದಿನ ಅಲ್ಲಿ ಆಡಿದ ಮಾತುಗಳಲ್ಲಿ ಸಿಸ್ಟರಿಗೆ ಇಷ್ಟವಾಗಬಹುದಾಗಿದ್ದದ್ದು ಅದೊಂದೇ. ಉಳಿದವರೆಲ್ಲ ದೇವರಂಥಾಕಿ, ತಾಯಿಯಂಥಾಕಿ ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅದನ್ನೆಲ್ಲ ಕೇಳಿಸಿಕೊಂಡಿದ್ದರೆ ಸಿಸ್ಟರ್ ಎದ್ದು ಕೂತು ಬೈಯುತ್ತಿದ್ದರು. ಡ್ರೈವರಿಗೆ ಮಾತ್ರ ಉತ್ತರ ಕೊಡದೆ ನಾನು ಬಸ್ಸು ಹತ್ತಿದೆ.

ಅವರ ಹೆಸರು ಬರೆಯುವುದಿಲ್ಲ. ಯಾವ ಊರಿನ ದವಾಖಾನೆ ಎಂದೂ ಹೇಳುವುದಿಲ್ಲ, ಯಾಕೆಂದರೆ ಅಲ್ಲಿ ನಾನಿನ್ನೂ ನೌಕರಿಯಲ್ಲಿದ್ದೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಒಂದು ಎಂದಿಟ್ಟುಕೊಳ್ಳಿ. ಸಿಸ್ಟರ್ ಐದೂ ಕಡೆ ಕೆಲಸ ಮಾಡಿದ್ದರು. ಹೆಚ್ಚುಕಡಿಮೆ ಎಲ್ಲ ಕಡೆಯೂ ಯಾರಾದರೊಬ್ಬ ಸಾಹೇಬರ ಸಂಗಡ ಜಗಳ ತೆಗೆದೇ ವರ್ಗವಾಗಿದ್ದರು. "ಸರಕಾರದೋರು ನನಗ ಪುಕ್ಕಟ ಟೂರ್ ಮಾಡಿಸ್ಯಾರ ನೋಡ್ರಿ" ಎಂದು ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕೊನೆಯ ಊರಿನಲ್ಲಿ ನಾನು ಅವರಿಗೆ ಸಿಕ್ಕಿದೆ. ನಾನು ಫಾರ್ಮಸಿಸ್ಟ್, ಔಷಧಿ ಕೊಡುವ ಕಿಟಕಿಯ ಒಳಗೆ ಕೂರುವವನು. ಬಂದ ವಾರವೇ ಅವರು ನನಗೆ ಗುಳಿಗಿ ಸಾಹೇಬ್ರು ಎಂದು ನಾಮಕರಣ ಮಾಡಿದರು. ಇವತ್ತಿಗೂ ಊರಿನಲ್ಲಿ ಅರ್ಧ ಜನಕ್ಕೆ ನನ್ನ ನಿಜ ಹೆಸರು ಗೊತ್ತಿಲ್ಲ.

ಸಿಸ್ಟರ್ ಕುಳ್ಳನೆಯ ಆಳು. ನಡಿಗೆ ಮಾತ್ರ ಎಷ್ಟು ಬಿರುಸೆಂದರೆ ಜೊತೆಗೆ ಹೋಗುವ ಉದ್ದ ಕಾಲಿನ ಡಾಕ್ಟರುಗಳು ಹಿಂದೆ ಬೀಳುತ್ತಿದ್ದರು. ಎದೆಯ ಮೇಲೆ ತಲೆಕೆಳಗಾಗಿ ಸಿಕ್ಕಿಸಿದ ಗಡಿಯಾರ, ಕಿಸೆಯಲ್ಲಿ ಸದಾ ಒಂದು ಕತ್ತರಿ. ಹಡಗಲಿ ಸೀಮೆಯವರಾದ್ದರಿಂದ ಮಲ್ಲಿಗೆ ಇಲ್ಲದೆ ಒಂದು ದಿನ ಕಳೆಯುತ್ತಿರಲಿಲ್ಲ, ಆದರೆ ಡ್ಯೂಟಿಯ ಮೇಲೆ ಮುಡಿಯುತ್ತಲೂ ಇರಲಿಲ್ಲ. ದಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡ್ಯೂಟಿ ರೂಮಿನ ಕಪಾಟಿನಲ್ಲಿ, ಅಂಗೈಯಗಲದ ಬುದ್ಧನ ಮೂರ್ತಿಯ ಪಕ್ಕ ಇಡುತ್ತಿದ್ದರು. ಸಂಜೆ ಗೇಟು ದಾಟಿದ ಮೇಲೆಯೇ ಅದು ತಲೆಗೆ ಏರುವುದು. ಇಂಜೆಕ್ಷನ್ ಕೊಡುವಾಗ ಎಲ್ಲ ನರ್ಸುಗಳೂ "ಅಳಬ್ಯಾಡ" ಅಂದರೆ ಇವರು "ಅಳು, ಜೋರ್ ಅಳು, ಕೈ ಮಾತ್ರ ಅಲುಗಾಡಿಸಬ್ಯಾಡ" ಅನ್ನುತ್ತಿದ್ದರು. ಅಳಲು ಪರವಾನಗಿ ಸಿಕ್ಕ ಕೂಡಲೇ ಎಷ್ಟೋ ಜನಕ್ಕೆ ಅಳು ನಿಂತೇ ಹೋಗುತ್ತಿತ್ತು.

ಇಂಥವರಿಗೆ ಫುಟ್‌ಬಾಲ್ ಹುಚ್ಚು ಹೇಗೆ ಹಿಡಿಯಿತು ಎಂದು ನಾನೂ ಆಶ್ಚರ್ಯಪಟ್ಟಿದ್ದೆ. ನಮ್ಮ ಕಡೆ ಆಟ ಅಂದರೆ ಕಬಡ್ಡಿ, ವಾಲಿಬಾಲ್. ನೋಡುವುದಕ್ಕೆ ಕ್ರಿಕೆಟ್. ಅದು ಅವರಿಗೆ ನರ್ಸಿಂಗ್ ಟ್ರೇನಿಂಗಿನ ಹಾಸ್ಟೆಲಿನಲ್ಲಿ ಅಂಟಿದ್ದು. ರೂಮಿನಲ್ಲಿ ಇವರೊಬ್ಬರನ್ನು ಬಿಟ್ಟರೆ ಎಲ್ಲರೂ ಕೇರಳದ ಹುಡುಗಿಯರು. ಪಕ್ಕದ ಮಂಚದ ಲಿಸ್ಸಿ ಎಂಬಾಕೆಗೆ ಊಟ ಬಿಟ್ಟರೂ ಆದೀತು, ಮ್ಯಾಚು ಬಿಡಲಾಗದು. ಲಿಸ್ಸಿ ಇವರಿಗೆ ಫುಟ್‌ಬಾಲ್ ಕಲಿಸಿದರು, ಇವರು ಲಿಸ್ಸಿಗೆ ಕನ್ನಡದ ಬೈಗುಳ ಕಲಿಸಿದರು. ಆ ಗೆಳೆತನ ಕೊನೆಯವರೆಗೂ ಹಾಗೇ ಉಳಿಯಿತು.

ನಾನು ಕ್ರಿಕೆಟ್ ಮನುಷ್ಯ. ಒಂದು ದಿನ ಚಹಾ ಕುಡಿಯುತ್ತ ಕೆಣಕಿದೆ. "ಅಲ್ರಿ ಸಿಸ್ಟರ್, ನಮ್ಮ ದೇಶದೋರು ಫುಟ್‌ಬಾಲ್ನಲ್ಲಿ ಯಾವಾಗ್ಲೂ ಸೋಲ್ತಾರೆ. ಸೋಲೋ ಆಟ ಏನಂತ ನೋಡ್ತೀರಿ?"

ಅವರು ಚಹಾದ ಬಸಿ ಕೆಳಗಿಟ್ಟರು. "ಗುಳಿಗಿ ಸಾಹೇಬ್ರ, ಪೇಷಂಟ್ ಉಳಿಯಾಂಗಿಲ್ಲ ಅಂತ ಗೊತ್ತಿದ್ರ ನೀವು ಗುಳಿಗಿ ಕೊಡೂದು ಬಿಡ್ತೀರೇನು?"

ನಾನು ಚಹಾ ಮುಗಿಸಿ ನನ್ನ ಕಿಟಕಿಗೆ ಹೋದೆ.

ಜನರಲ್ ವಾರ್ಡಿನ ಗೋಡೆಗೆ ಒಂದು ಹಳೆಯ ಟೀವಿ ಇತ್ತು. ಯಾರೋ ಪುಣ್ಯಾತ್ಮರು ಹೊಸದು ತೆಗೆದುಕೊಂಡಾಗ ದವಾಖಾನೆಗೆ ದಾಟಿಸಿದ್ದು. ತಿಂಗಳ ಬಾಡಿಗೆ ಇಲ್ಲದ ಪುಕ್ಕಟೆ ಡಿಶ್ಶು. ಆ ಕಾಲದಲ್ಲಿ ದೇಶದ ತಂಡದ ಮ್ಯಾಚುಗಳು ಅದರಲ್ಲೇ ಬರುತ್ತಿದ್ದವು. ಮ್ಯಾಚಿದ್ದ ಸಂಜೆ ಸಿಸ್ಟರ್ ಎಲ್ಲ ಇಂಜೆಕ್ಷನ್ನುಗಳನ್ನು ಮುಂಚೆಯೇ ಮುಗಿಸಿ, ಮಂಚಗಳನ್ನು ಟೀವಿಯ ಕಡೆ ಓರೆಯಾಗಿ ತಿರುಗಿಸುತ್ತಿದ್ದರು. ಕಾಲಿಗೆ ತೂಕ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಮಲಗಿದವರು, ಸಲೈನ್ ಏರಿಸಿಕೊಂಡವರು, ಅವರಿಗೆ ರೊಟ್ಟಿ ತಂದವರು, ಎಲ್ಲರೂ ನೋಡುವವರೇ. ನೀಲಗುಂದದ ಮುದುಕಿಯೊಬ್ಬಳು ಉಬ್ಬಸಕ್ಕೆ ಬಂದು ಸೇರಿದ್ದಳು. ಆಕೆ ಐದೈದು ನಿಮಿಷಕ್ಕೆ "ಯವ್ವಾ, ನಮ್ಮೋರು ಯಾವ ಕಡಿಗೆ ಅದಾರ?" ಎಂದು ಕೇಳುವಳು. ಅರ್ಧ ಆಟ ಮುಗಿದು ತಂಡಗಳು ಕಡೆ ಬದಲಿಸಿದಾಗ ಆಕೆಗೆ ಸಿಟ್ಟೇ ಬಂದಿತ್ತು. "ಈಗರ ಈ ಕಡಿ ಅಂದಿ, ಈಗ ಆ ಕಡಿ ಅಂತಿ. ನೀನರ ಒಂದು ಮಾತಿನ ಮ್ಯಾಲ ನಿಲ್ಲು." ಹೀಗೆ ನಮ್ಮ ದವಾಖಾನೆಯಲ್ಲಿ ಹಾಸಿಗೆ ಹಿಡಿದು ಬಿಡುಗಡೆಯಾದ ಎಷ್ಟೋ ಜನ ಈ ಐದು ತಾಲ್ಲೂಕುಗಳಲ್ಲಿ ಹಂಚಿಹೋಗಿ, ದೇಶದ ಫುಟ್‌ಬಾಲ್ ತಂಡದ ಬಗ್ಗೆ ಕಾಳಜಿ ಮಾಡುವವರಾದರು. ಇದು ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಒಂದು ಸಂಜೆ ಮಂಚ ತಿರುಗಿಸಿದ್ದಾಯಿತು, ಮ್ಯಾಚು ಬರಲಿಲ್ಲ. ಸಿಸ್ಟರ್ ರಿಮೋಟಿನ ಗುಂಡಿ ಒತ್ತಿ ಒತ್ತಿ ಸಾಕಾಗಿ ಕೇಬಲ್ ಖಾಜಾನನ್ನು ಕರೆಸಿದರು. ಅವನು ಮೇಲೆ ಹತ್ತಿ ಏನೂ ನೋಡಲಿಲ್ಲ. ಬಾಗಿಲಲ್ಲೇ ನಿಂತು, "ಡಿಶ್ಶು ಬರಾಬರ್ ಐತ್ರಿ ಅಕ್ಕಾರ. ಮ್ಯಾಚ್ ಮಾರ್ಯಾರ. ಇನ್ನ ಪೇ ಚಾನಲ್ನಾಗ ಅಷ್ಟ ಬರ್ತೈತಿ, ರೊಕ್ಕ ಕಟ್ಟಿದೋರಿಗೆ" ಅಂದ.

"ಯಾರು ಮಾರಿದ್ರು?"

"ಆಡಸೋರು ಮಾರಿದ್ರು, ಚಾನಲ್ನೋರು ತಗೊಂಡ್ರು."

"ಯಾರ್ನ ಕೇಳಿ ಮಾರಿದ್ರು?"

ಖಾಜಾ ನಕ್ಕ. ಸಿಸ್ಟರ್ ನಗಲಿಲ್ಲ. ಮುಂದಿನ ಒಂದು ವಾರ ಅವರು ಸಿಕ್ಕಸಿಕ್ಕವರನ್ನೆಲ್ಲ ಅದೇ ಪ್ರಶ್ನೆ ಕೇಳಿದರು. ನಾನು, ಅಂಬುಲೆನ್ಸ್ ಡ್ರೈವರು, ತಹಸೀಲ್ದಾರ್ ಕಚೇರಿಯಿಂದ ಹಲ್ಲುನೋವಿಗೆ ಬಂದಿದ್ದ ಗುಮಾಸ್ತ, ಯಾರೂ ತಪ್ಪಿಸಿಕೊಳ್ಳಲಿಲ್ಲ. "ಅಂಗಿ ಮ್ಯಾಲ ದೇಶದ ಹೆಸರು ಹಾಕ್ಕೊಂಡು ಆಡ್ತಾರ. ಹಾಡು ಹಚ್ಚಿದಾಗ ನಾವು ಎದ್ದು ನಿಲ್ಲಬೇಕು. ನೋಡೂದಕ್ಕ ಮಾತ್ರ ನಾವು ಗಿರಾಕಿ. ಇದ್ಯಾವ ನ್ಯಾಯ?"

ಆಗ ಹೊಸದಾಗಿ ಬಂದಿದ್ದ ಮಕ್ಕಳ ಡಾಕ್ಟರು ತಿಳಿದವರು, ಸಮಾಧಾನಿ. ಅವರು ಬಿಡಿಸಿ ಹೇಳಲು ನೋಡಿದರು. "ಸಿಸ್ಟರ್, ತಂಡ ನಡೆಸೋಕೆ ದುಡ್ಡು ಬೇಕಲ್ವಾ? ಕೋಚಿಗೆ ಸಂಬಳ, ಹುಡುಗರ ಊಟ, ವಿಮಾನದ ಖರ್ಚು. ಪ್ರಸಾರದ ಹಕ್ಕು ಮಾರಿದ್ರೆ ಅದೆಲ್ಲ ಬರುತ್ತೆ."

"ಒಪ್ಪಿದೆ ಡಾಕ್ಟ್ರ. ದವಾಖಾನಿ ನಡಸಾಕೂ ರೊಕ್ಕ ಬೇಕು. ಹಂಗಂತ ಹೆರಿಗಿ ವಾರ್ಡಿನ ಬಾಗಲಕ್ಕ ಟಿಕೆಟ್ ಇಡಸ್ತೀರೇನು?"

"ಅದೂ ಇದೂ ಒಂದೇನಾ?"

"ಒಂದ ಅಲ್ಲ. ನನಗ್ಗೊತ್ತು. ಬ್ಯಾರೆ ಏನು ಬೇಕಾರ ಮಾರಲಿ. ಕ್ಲಬ್ಬಿನ ಆಟ ಮಾರಲಿ, ಅಂಗಿ ಮಾರಲಿ, ಚಂಡು ಮಾರಲಿ. ದೇಶದ ತಂಡ ಒಂದ ಬಿಡ್ರಿ ಅಂತೀನಿ. ಅದು ಎಲ್ಲಾರ್ದು ಅಂತ ಹೇಳಿದೋರು ಅವರ."

ಡಾಕ್ಟರಿಗೆ ಅವರ ಮಾತು ಸರಿ ಅನ್ನಿಸಿತೋ ಇಲ್ಲವೋ, ರೌಂಡ್ಸಿಗೆ ಹೊರಟುಬಿಟ್ಟರು. ನಾನು ಮಾತ್ರ ಕೇಳಿಯೇಬಿಟ್ಟೆ. "ಅಷ್ಟಕ್ಕೂ ಅದೇನು ಆಸ್ತಿ ಮಾರಬೇಕಾಗಿಲ್ಲ. ನಿಮ್ಮ ಸಂಬಳದಾಗೆ ನೀವೇ ಒಂದು ಕನೆಕ್ಷನ್ ಹಾಕಿಸಿಬಿಡ್ರಿ."

"ನಾ ಕಟ್ಟಿದ್ರ ಅವರು ಮಾಡಿದ್ದು ಸರಿ ಅಂದಾಂಗ ಆತು. ಕಟ್ಟಾಂಗಿಲ್ಲ. ನೋಡೂದನ್ನೂ ಬಿಡಾಂಗಿಲ್ಲ."

ಕಟ್ಟುವುದಿಲ್ಲ, ನೋಡುವುದನ್ನೂ ಬಿಡುವುದಿಲ್ಲ. ಇದು ಹೇಗೆ ಸಾಧ್ಯ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಮುಂದಿನ ಮ್ಯಾಚಿಗೆ ತಿಳಿಯಿತು.

ಲಿಸ್ಸಿ ಸಿಸ್ಟರ್ ಆಗಲೇ ನಿವೃತ್ತಿಯಾಗಿ ತಮ್ಮ ಊರಿನಲ್ಲಿದ್ದರು. ಅಲ್ಲಿನ ಕ್ಲಬ್ಬಿನವರು ಊರಿಂದ ವಂತಿಗೆ ಎತ್ತಿ, ಬಯಲಲ್ಲಿ ದೊಡ್ಡ ಪರದೆ ಕಟ್ಟಿ ಮ್ಯಾಚು ಹಾಕುತ್ತಾರಂತೆ. ಯಾರು ಬೇಕಾದರೂ ಬಂದು ನಿಂತು ನೋಡಬಹುದು. ಸಂಜೆ ಮ್ಯಾಚು ಶುರುವಾಗುವ ಹೊತ್ತಿಗೆ ಸಿಸ್ಟರ್ ಲಿಸ್ಸಿಗೆ ಫೋನು ಹಚ್ಚಿ, ಅದರ ದನಿ ದೊಡ್ಡದು ಮಾಡಿ, ಒಂದು ಖಾಲಿ ಸ್ಟೀಲ್ ಬೋಗುಣಿಯಲ್ಲಿ ನಿಲ್ಲಿಸಿದರು. ಬೋಗುಣಿಯಿಂದ ಕೇರಳದ ಬಯಲಿನ ಗದ್ದಲ ಹೊರಟಿತು. ಅದರ ನಡುವೆ ಲಿಸ್ಸಿಯವರ ಕನ್ನಡ. "ಎಡೀ, ಕೇಳೇ ಇಲ್ಲಿ, ಬಲಗಡೆ ಹೋಗ್ತಾ ಇದೆ. ಒಬ್ಬನ್ನ ದಾಟಿತು. ಇನ್ನೊಬ್ಬನ್ನ ದಾಟಿತು. ಅಯ್ಯೋ, ಬಿದ್ದಿತು. ಮೂಳ, ಮೂಳ, ಸರಿಯಾಗಿ ಒದೆಯೋಕೆ ಆಗಲ್ವಾ!" ಗೆಳತಿ ಕಲಿಸಿದ್ದ ಬೈಗುಳವನ್ನು ಅವರು ಮರೆತಿರಲಿಲ್ಲ. ಲಿಸ್ಸಿ ಹೇಳಿದ್ದನ್ನು ಸಿಸ್ಟರ್ ವಾರ್ಡಿನ ಮಧ್ಯೆ ನಿಂತು, ಕೈ ಬೀಸಿ ಬೀಸಿ, ನಮ್ಮ ಮಾತಿನಲ್ಲಿ ಕೂಗಿ ಹೇಳಿದರು. ಟೀವಿ ಕರ್ರಗೆ ಗೋಡೆಯ ಮೇಲಿತ್ತು. ಜನ ಅಭ್ಯಾಸಬಲದಿಂದ ಅದರ ಕಡೆಗೇ ಮುಖ ಮಾಡಿ ಕೇಳುತ್ತಿದ್ದರು.

ಮುಂದೆ ಮಣ್ಣಿನ ದಿನ ನನ್ನನ್ನು ಕೇಳಿದ ಆ ಲಾರಿ ಡ್ರೈವರು ಆಗ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ, ಅವತ್ತು ಮೊದಲ ಸಲ ಮ್ಯಾಚು ಕೇಳಿದವನು. "ಟೀವಿಗಿಂತ ಇದ ಚಲೋ ಐತ್ರಿ. ಟೀವಿಯಾಗ ಆದ್ರ ಅವರಷ್ಟ ಓಡ್ತಾರ. ಇಲ್ಲಿ ಸಿಸ್ಟರ್ರೂ ಓಡ್ತಾರ" ಎಂದು ನನಗೆ ಹೇಳಿದ.

ಇದೆಲ್ಲ ಹೇಳುವ ಕಲೆ ಅವರಿಗೆ ಎಲ್ಲಿಂದ ಬಂತು ಎಂಬುದನ್ನು ಅವರೇ ಒಮ್ಮೆ ಹೇಳಿದ್ದರು. ಅವರು ಚಿಕ್ಕವರಿದ್ದಾಗ ಊರಿಗೆಲ್ಲ ಒಂದೇ ರೇಡಿಯೋ, ಪಂಚಾಯ್ತಿ ಕಚೇರಿಯಲ್ಲಿ. ಸಂಜೆ ಊರಿನ ದೊಡ್ಡವರು ಕಟ್ಟೆಯ ಮೇಲೆ ಕೂತು ವಾರ್ತೆ ಕೇಳುವರು. ಸಿಸ್ಟರ್ ಅವರ ತಂದೆಗೆ ಆ ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ. ಅವರು ಹಿಂದಿನ ಕಿಟಕಿಯ ಕೆಳಗೆ, ಗೋಡೆಗೆ ತಾಗದಂತೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಪೂರ್ತಿ ಕೇಳಿಸಿಕೊಂಡು ತಮ್ಮ ಕೇರಿಗೆ ಬಂದು, ಬೇವಿನ ಗಿಡದ ಕೆಳಗೆ ನಿಂತು, ದಿಲ್ಲಿಯಲ್ಲಿ ಏನಾಯಿತು, ಮಳೆ ಎಲ್ಲಿ ಬಂತು, ಹತ್ತಿ ದರ ಎಷ್ಟು ಎಂದು ಎಲ್ಲವನ್ನೂ ಕೇರಿಯ ಜನಕ್ಕೆ ಒಪ್ಪಿಸುವರು.

"ನಮ್ಮಪ್ಪ ಅದ್ನ ಹೇಳೂಮುಂದ ಕಿಟಕಿ ಸುದ್ದಿ ತಗೀತಿದ್ದಿಲ್ಲ ನೋಡ್ರಿ" ಅಂದಿದ್ದರು ಸಿಸ್ಟರ್. "ತಾನ ದಿಲ್ಲಿಗೆ ಹೋಗಿ ಬಂದಾಂಗ ಹೇಳ್ತಿದ್ದ. ಕೇಳಿದೋರಿಗೆ ಯಾರಿಗೂ ತಾವು ಹೊರಗ ನಿಂತೋರು ಅಂತ ಅನಸ್ತಿದ್ದಿಲ್ಲ. ಆ ಕಿಟಕಿ ನನಗ ಗೊತ್ತಾದದ್ದ ನಾ ದೊಡ್ಡಾಕಿ ಆದ ಮ್ಯಾಲ."

ಇದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರಿರಲಿಲ್ಲ. ಸಿಟ್ಟಿತ್ತು. ಅಷ್ಟು ವರ್ಷವಾದರೂ ಆರದ ಸಿಟ್ಟು. ನನಗೆ ಅವರ ಮೇಲೆ ನಿಜವಾದ ಗೌರವ ಹುಟ್ಟಿದ್ದು ಆ ಸಿಟ್ಟು ಕಂಡಾಗ.

ಅಷ್ಟರಲ್ಲಿ ಅಕ್ಕಿ ಗಿರಣಿಯ ಸಾವ್ಕಾರರು ತಮ್ಮ ತಾಯಿಯ ಹೆಸರಿನಲ್ಲಿ ಸ್ಪೆಷಲ್ ವಾರ್ಡಿಗೆ ಗೋಡೆಯಗಲದ ಟೀವಿ ಕೊಟ್ಟರು. ಪೇ ಚಾನಲ್ಲೂ ಸೇರಿ, ವರ್ಷದ ದುಡ್ಡು ಅವರದೇ. ಹಾರ ಹಾಕಿ, ಪೇಢೆ ಹಂಚಿ, ಫೋಟೋ ತೆಗೆಸಿಕೊಂಡದ್ದಾಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಸಿಸ್ಟರ್ ಕೇಳಿದರು: "ಸಾವ್ಕಾರ್ರ, ಜನರಲ್ ವಾರ್ಡಿಗೆ?"

"ಅಲ್ಲಿ ಮಂದಿ ಬಾಳ ಅದಾರವ್ವ. ಗದ್ದಲ ಆಗತೈತಿ" ಅಂದರು ಸಾವ್ಕಾರರು. ಕೆಟ್ಟ ಮನುಷ್ಯರಲ್ಲ. ಅವರಿಗೆ ಅದು ಹಾಗೇ ಕಂಡಿತ್ತು, ಅಷ್ಟೇ.

ಆ ಮಾತು ಸಾಹೇಬರ ಕಿವಿಗೆ ಬಿತ್ತು. ನಮ್ಮ ಮುಖ್ಯ ವೈದ್ಯಾಧಿಕಾರಿಗಳನ್ನು ನಾವು ಸಾಹೇಬರು ಅನ್ನುತ್ತೇವೆ. ಅವರಿಗೆ ಬೋಗುಣಿಯ ಗದ್ದಲದ ಬಗ್ಗೆ ಮೊದಲೇ ದೂರುಗಳಿದ್ದವು. ಮರುದಿನವೇ ಸಿಸ್ಟರನ್ನು ಕರೆಸಿದರು. ಸಹಿಗೆಂದು ಔಷಧಿ ತರಿಸುವ ಇಂಡೆಂಟ್ ಹಿಡಿದು ನಾನೂ ಅಲ್ಲೇ ನಿಂತಿದ್ದೆ.

"ಏನ್ರೀ ಸಿಸ್ಟರ್, ಇದು ಆಸ್ಪತ್ರೇನೋ ಸಂತೇನೋ? ಇನ್ಮೇಲೆ ವಾರ್ಡ್‌ನಲ್ಲಿ ಫೋನ್ ಇಟ್ಟು ಕೂಗಿ ಮ್ಯಾಚ್ ಹೇಳೋ ಹಾಗಿಲ್ಲ."

"ಆತ್ರಿ ಸಾರ್. ಕೂಗಾಂಗಿಲ್ಲ." ಇಷ್ಟು ಬೇಗ ಒಪ್ಪಿದ್ದು ನೋಡಿ ನನಗೇ ಗಾಬರಿಯಾಯಿತು. ಬಾಗಿಲ ತನಕ ಹೋದವರು ತಿರುಗಿ ನಿಂತರು. "ಸಾರ್, ಹ್ಯಾಂಡೋವರ್ ಕೊಡಬೋದಲ್ರಿ?"

"ಅದನ್ಯಾಕ್ ಕೇಳ್ತೀರಿ? ಅದು ನಿಮ್ಮ ಡ್ಯೂಟಿ."

ದವಾಖಾನೆ ಕಂಡವರಿಗೆ ಹ್ಯಾಂಡೋವರ್ ಗೊತ್ತಿರುತ್ತದೆ. ಒಂದು ಪಾಳಿಯ ನರ್ಸು ಮನೆಗೆ ಹೋಗುವ ಮುನ್ನ, ಬಂದ ಪಾಳಿಯವಳನ್ನು ಕರೆದುಕೊಂಡು ಮಂಚದಿಂದ ಮಂಚಕ್ಕೆ ಹೋಗಿ, ಇವನಿಗೆ ಜ್ವರ ಇಳಿದಿದೆ, ಇವಳ ಸಲೈನ್ ಮುಗಿಯುತ್ತ ಬಂದಿದೆ, ಈ ಅಜ್ಜನಿಗೆ ರಾತ್ರಿ ಒಂದು ಸೂಜಿ ಇದೆ ಎಂದು ತಗ್ಗಿದ ದನಿಯಲ್ಲಿ ಒಪ್ಪಿಸುವುದು. ಅಂದಿನಿಂದ ಮ್ಯಾಚಿಗೂ ಅದೇ ಪದ್ಧತಿ ಬಂತು. ಸಿಸ್ಟರ್ ಕಿವಿಗೆ ಫೋನಿನ ವೈರು ಸಿಕ್ಕಿಸಿಕೊಂಡು, ಜೊತೆಗೆ ಕಿರಿಯ ನರ್ಸ್ ರೇಣುಕಾಳನ್ನು ಕರೆದುಕೊಂಡು, ಒಂದೊಂದೇ ಮಂಚದ ಬಳಿ ನಿಂತು, ನಾಡಿ ಹಿಡಿದು ಹೇಳುತ್ತ ಹೋಗುವರು.

"ನಮ್ಮ ಗೋಲ್‌ಕೀಪರ್ ಆರಾಮ ಅದಾನ. ಎಡಗಡೆ ಆಡಾವಗ ಸ್ವಲ್ಪ ದಮ್ಮು ಬಂದೈತಿ. ಒಂದು ಗೋಲು ಬಿದ್ದೈತಿ. ಜೀವಕ್ಕೇನು ಅಪಾಯಿಲ್ಲ, ಇನ್ನ ಅರ್ಧಾ ಆಟ ಐತಿ."

ಇದರಲ್ಲೊಂದು ತೊಡಕಿತ್ತು. ಸಿಸ್ಟರ್ ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಆಟ ಮುಂದಕ್ಕೆ ಹೋಗಿರುತ್ತಿತ್ತು. ಬಾಗಿಲ ಬಳಿಯ ಮಂಚದವನಿಗೆ ಆಟದ ಆರಂಭ ಗೊತ್ತು, ನಡುವಿನವನಿಗೆ ಗೋಲು ಗೊತ್ತು, ಕೊನೆಯ ಕಿಟಕಿಯ ಬಳಿಯವನಿಗೆ ಗೋಲು ತಪ್ಪಿದ್ದು ಗೊತ್ತು. ಇಡೀ ಮ್ಯಾಚು ಯಾರೊಬ್ಬರ ಹತ್ತಿರವೂ ಇಲ್ಲ. ಸಿಸ್ಟರ್ ಸುತ್ತು ಮುಗಿಸಿದ ಮೇಲೆ ಮಂಚದವರು ಒಬ್ಬರಿಗೊಬ್ಬರು ಕೇಳಿ, ಜೋಡಿಸಿ, ತಕರಾರು ಮಾಡಿ, ಆಟವನ್ನು ಪೂರ್ತಿ ಮಾಡಿಕೊಳ್ಳಬೇಕು. ಅದುವರೆಗೆ ಪಕ್ಕದ ಮಂಚದವನ ಊರು ಯಾವುದೆಂದು ಕೇಳದೆ ಗೋಡೆಗೆ ಮುಖ ಮಾಡಿ ಮಲಗಿದ್ದವರೂ "ಏ ಯಪ್ಪಾ, ನಿನಗೇನಂತ ಹೇಳಿದ್ರು?" ಎಂದು ಎದ್ದು ಕೂರುತ್ತಿದ್ದರು. ಗದ್ದಲ ಮೊದಲಿಗಿಂತ ಹೆಚ್ಚೇ ಆಯಿತು. ಆದರೆ ಪೇಷಂಟುಗಳು ತಮ್ಮತಮ್ಮಲ್ಲಿ ಮಾತಾಡಬಾರದು ಎಂದು ಸಾಹೇಬರು ಆದೇಶ ಮಾಡುವಂತಿರಲಿಲ್ಲ.

ಸಿಸ್ಟರ್ ನಿವೃತ್ತರಾದರು. ಹಿರೇಹಡಗಲಿಗೆ ಹೋಗಿ ನೆಲೆಸಿದರು. ವರ್ಷ ಕಳೆಯುವುದರೊಳಗೆ ಅದೇ ದವಾಖಾನೆಗೆ ಪೇಷಂಟಾಗಿ ಬಂದರು. ದೊಡ್ಡ ಊರುಗಳ ದವಾಖಾನೆಗಳಲ್ಲಿ ಎಲ್ಲ ತೋರಿಸಿಯಾಗಿತ್ತು. ತಮ್ಮ ರೋಗ ಏನು, ಎಲ್ಲಿಯವರೆಗೆ ಬಂದಿದೆ ಎಂಬುದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವರು ಬಂದು ಸೇರಿದ ದಿನವೇ ಸಂಜೆ ದೇಶದ ತಂಡದ ಮ್ಯಾಚು. ಗೆದ್ದರೆ ಮುಂದಿನ ಸುತ್ತು, ಸೋತರೆ ಮನೆ. ಸಾಹೇಬರು ದೊಡ್ಡ ಮನಸ್ಸು ಮಾಡಿ, ತಾವೇ ಬಂದು, ಸ್ಪೆಷಲ್ ವಾರ್ಡಿನಲ್ಲಿ ಒಂದು ಮಂಚ ತೆಗೆಸಿದ್ದೇನೆ ಎಂದರು. ಆ ವಾರ್ಡಿನ ಇನ್ನೊಂದು ಮಂಚದಲ್ಲಿ ಯಾರಿದ್ದರು ಅಂದರೆ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅದೇ ಗಿರಣಿ ಸಾವ್ಕಾರರು. ನಡುವೆ ಒಂದು ಪರದೆ ಕಟ್ಟಿದರಾಯಿತು, ಟೀವಿ ಇಬ್ಬರಿಗೂ ಕಾಣುತ್ತದೆ.

ನಾನು ಅವರ ಕೈ ಹಿಡಿದು ಬೇಡಿಕೊಂಡೆ. "ಹೋಗಿಬಿಡ್ರಿ ಸಿಸ್ಟರ್. ಎಷ್ಟು ವರ್ಷ ಆತು ನೀವು ಕಣ್ಣಿಂದ ಒಂದು ಮ್ಯಾಚ್ ನೋಡಿ? ಇದೊಂದು ನೋಡ್ರಿ." ಇದೇ ಅವರ ಕೊನೆಯ ಮ್ಯಾಚು ಎಂಬುದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು.

"ಗುಳಿಗಿ ಸಾಹೇಬ್ರ, ನಮ್ಮಪ್ಪ ಕಿಟಕಿ ಹೊರಗ ನಿಂತು ಕೇಳಿದ್ದನ್ನ ಕೇರಿಗೆಲ್ಲಾ ಹಂಚಿದ. ನಾನು ಒಳಗ ಹೋಗಿ, ಬಾಗಲಾ ಹಾಕ್ಕೊಂಡು, ಒಬ್ಬಾಕಿ ನೋಡ್ಲೇನು? ನನಗಲ್ಲಿ ನಿದ್ದಿ ಬರಾಂಗಿಲ್ಲ. ರೇಣುಕಾನ್ನ ಕರೀರಿ."

ಜನರಲ್ ವಾರ್ಡಿನ ಕೊನೆಯ ಮಂಚ, ಕಿಟಕಿಯ ಪಕ್ಕದ್ದು, ಅವರಿಗೆ ಸಿಕ್ಕಿತು. ಲಿಸ್ಸಿಯವರಿಗೆ ಫೋನು ಹಚ್ಚಿದ್ದಾಯಿತು. ರೇಣುಕಾ ಕಿವಿಗೆ ವೈರು ಸಿಕ್ಕಿಸಿಕೊಂಡು ಬಾಗಿಲ ಬಳಿಯ ಮಂಚದಿಂದ ಶುರು ಮಾಡಿದಳು. ಮೊದಲು ಅವಳ ದನಿ ನಡುಗುತ್ತಿತ್ತು. ಕಿಟಕಿಯ ಕಡೆಯಿಂದ, "ಏ ರೇಣುಕಾ, ಗಟ್ಟಿಯಾಗಿ ಹೇಳವ್ವ. ನಾವೇನು ಕದ್ದು ತಂದಿಲ್ಲ" ಎಂದು ಗದರಿಕೆ ಬಂದ ಮೇಲೆ ನೆಟ್ಟಗಾಯಿತು. ನಡುವಿನ ಮಂಚಗಳಿಗೆ ಬರುವಷ್ಟರಲ್ಲಿ ನಮ್ಮವರು ಒಂದು ಗೋಲು ಹೊಡೆದರು. ವಾರ್ಡು ಎದ್ದು ಕುಣಿಯಿತು, ಎದ್ದೇಳಲು ಬಾರದವರು ಮಂಚದ ಕಂಬಿ ಬಡಿದರು.

ಆಗ ಬಾಗಿಲಲ್ಲಿ ಗಾಲಿಕುರ್ಚಿ ಬಂದು ನಿಂತಿತು. ಅದರಲ್ಲಿ ಸಾವ್ಕಾರರು. ವಾರ್ಡ್ ಬಾಯ್ ಮುಖ ಸಪ್ಪಗೆ ಮಾಡಿಕೊಂಡು, "ಬ್ಯಾಡ ಅಂದ್ರೂ ಕೇಳವಲ್ರು ಸಾರ್" ಅಂದ. ನನಗೆ ನಂಬಲಾಗಲಿಲ್ಲ. ಊರಿಗೆಲ್ಲ ಒಬ್ಬರಿಗೇ ಎಂಬಂತೆ ಗೋಡೆಯಗಲದ ಟೀವಿಯಲ್ಲಿ ಗೋಲನ್ನು ಕಣ್ಣಾರೆ ಕಂಡವರು ಇವರು.

"ಸಾವ್ಕಾರ್ರೆ, ನಿಮ್ಮ ಟೀವಿ ಕೆಟ್ಟಿತಾ?" ಎಂದು ಕೇಳಿದೆ.

"ಚಲೋ ಐತಪ್ಪ. ಒಬ್ಬನ ಏನಂತ ನೋಡ್ಲಿ? ನೀವೆಲ್ಲಾ ಇಲ್ಲಿ ಒದರಾಕ ಹತ್ತೀರಿ, ನನಗ ಅಲ್ಲಿ ಗೋಲು ರುಚಿ ಹತ್ತವಲ್ದು." ಅವರು ಕುರ್ಚಿಯನ್ನು ಒಳಗೆ ನೂಕಿಸಿಕೊಂಡು, ರೇಣುಕಾಳ ಕಡೆ ಕೈಚಾಚಿ, "ಏನಾತವ್ವ ಈಗ? ಹೇಳು, ಹೇಳು" ಅಂದರು.

ಕಿಟಕಿಯ ಪಕ್ಕದಿಂದ ಸಿಸ್ಟರ್ ದನಿ ಬಂತು. ಸಣ್ಣಗಾಗಿತ್ತು, ಆದರೆ ಅದೇ ದನಿ. "ಬರ್ರಿ ಸಾವ್ಕಾರ್ರ. ಇಲ್ಲಿ ಸರದಿ ಐತಿ. ಸುಮ್ನ ಕುಂದರ್ರಿ, ನಿಮ್ಮ ಪಾಳಿ ಬಂದಾಗ ಹೇಳ್ತಾಳ."

ಸಾವ್ಕಾರರು ಒಂದು ಕ್ಷಣ ಸಿಸ್ಟರನ್ನು ನೋಡಿದರು. ಆಮೇಲೆ ಕುರ್ಚಿಯನ್ನು ಎರಡು ಮಂಚಗಳ ನಡುವೆ ಹಿಡಿಸಿ, ಕೈಕಟ್ಟಿ ಕೂತರು. ಅವರ ಪಾಳಿ ಬಂದಾಗ ರೇಣುಕಾ ನಾಡಿ ಹಿಡಿದೇ ಹೇಳಿದಳು.

ಮ್ಯಾಚು ಸೋತೆವು. ಕೊನೆಯಲ್ಲಿ ಎರಡು ಗೋಲು ಬಿದ್ದವು. ಸಾವ್ಕಾರರು ಹೊರಡುವ ಮುಂಚೆ ಕುರ್ಚಿಯನ್ನು ಕಿಟಕಿಯ ಬಳಿಗೆ ತರಿಸಿಕೊಂಡು, "ಅವ್ವಾ, ಆ ಟೀವಿ ಇಲ್ಲಿಗೇ ಹಾಕಸ್ತೀನಿ. ವರ್ಷಾ ವರ್ಷಾ ನಾನ ಕಟ್ತೀನಿ" ಎಂದರು. ಮನಸ್ಸಿನಿಂದಲೇ ಹೇಳಿದರು.

"ಹಾಕಸ್ರಿ, ಮಂದಿ ನೋಡ್ಲಿ. ಆದ್ರ ಒಂದು ಮಾತು. ನೀವು ಕಟ್ಟೂದು ಬಿಟ್ಟ ದಿನಾ ಇವರು ಮತ್ತ ಗ್ವಾಡಿ ನೋಡಬೇಕು. ನಮ್ಮ ತಂಡ ನಮಗ ಯಾರ ದಯಾದಿಂದಲೂ ಬರಬಾರದು ಸಾವ್ಕಾರ್ರ. ನಿಮ್ಮ ದಯಾದಿಂದಲೂ ಬ್ಯಾಡ."

ಸಾವ್ಕಾರರ ಸೊಂಟ ಕೂಡಿತು, ಮನೆಗೆ ಹೋದರು, ಗಿರಣಿಯ ಕೆಲಸ ಹತ್ತಿಕೊಂಡಿತು. ಟೀವಿ ಈಗಲೂ ಸ್ಪೆಷಲ್ ವಾರ್ಡಿನಲ್ಲೇ ಇದೆ. ಸಿಸ್ಟರ್ ಕೆಲವೇ ದಿನಗಳಲ್ಲಿ ಹೋದರು. ಹೋಗುವ ಮುಂಚೆ ಊರಿಗೆ ಕರೆದೊಯ್ಯಿರಿ ಎಂದು ಹಟ ಮಾಡಿ ಹಿರೇಹಡಗಲಿ ಸೇರಿಕೊಂಡಿದ್ದರು. ಮಣ್ಣಿನ ದಿನ ಡ್ರೈವರು ಕೇಳಿದ್ದಕ್ಕೆ ನಾನು ಉತ್ತರ ಕೊಡದೆ ಬಸ್ಸು ಹತ್ತಿದ್ದು ಆಗಲೇ ಹೇಳಿದೆ.

ಮೊನ್ನೆ ಮತ್ತೆ ಮ್ಯಾಚಿತ್ತು. ಪೇ ಚಾನಲ್ಲಿನಲ್ಲೇ. ಸಂಜೆಯ ಪಾಳಿಗೆ ನರ್ಸುಗಳು ಕಡಿಮೆ, ವಾರ್ಡು ನೋಡುವುದರಲ್ಲೇ ರೇಣುಕಾಳಿಗೆ ಮ್ಯಾಚು ಹೇಳಲು ಬಿಡುವಿರಲಿಲ್ಲ. ಔಷಧಿ ಕಿಟಕಿಯ ಹೊರಗೆ ಉದ್ದ ಸಾಲು. ಸಾಲಿನಲ್ಲಿ ಆ ಡ್ರೈವರೂ ಇದ್ದ, ಕಾಲುನೋವಿನ ಗುಳಿಗೆಗೆ ಬಂದಿದ್ದ. ಅವನು ಚೀಟಿ ಚಾಚಿ ನನ್ನ ಮುಖವನ್ನೇ ನೋಡಿದ. ನಾನು ಫೋನು ತೆಗೆದು ಲಿಸ್ಸಿಯವರಿಗೆ ಹಚ್ಚಿದೆ. ಬಯಲಿನ ಗದ್ದಲದ ನಡುವೆ ನಾನು ಯಾರು, ಯಾಕೆ ಹಚ್ಚಿದೆ ಎಂದು ಕೂಗಿ ಹೇಳಿದೆ. ಆಮೇಲೆ, "ಎಡಗಡೆಯಿಂದ ಹೋಗ್ತಾ ಇದೆ. ಹೇಳು ಅವರಿಗೆ, ಹೇಳು" ಎಂದರು.

ನನಗೆ ಫುಟ್‌ಬಾಲಿನ ಗಂಧವಿಲ್ಲ. ಆದರೂ ಒಂದು ಕೈಯಲ್ಲಿ ಗುಳಿಗೆ ಎಣಿಸುತ್ತ, ಕಿಟಕಿಯಿಂದ ಹೊರಕ್ಕೆ ಹೇಳತೊಡಗಿದೆ. ಸಾಲು ಮುಂದೆ ಸರಿಯುವುದನ್ನೇ ನಿಲ್ಲಿಸಿತು. ಗುಳಿಗೆ ಸಿಕ್ಕವರೂ ಹೋಗದೆ ನಿಂತರು.

ಸಾಹೇಬರು ಬಂದರು. ಈಗಿನವರು ಹೊಸಬರು, ಆದರೆ ಕೇಳಿದ್ದು ಹಳೆಯದನ್ನೇ. "ಏನ್ರೀ ಇದು, ಔಷಧಿ ಕೊಡೋ ಕಿಟಕೀಲಿ?"

"ಹ್ಯಾಂಡೋವರ್ ಸಾರ್" ಅಂದೆ.

"ಯಾವ ಹ್ಯಾಂಡೋವರ್? ಯಾರಿಗೆ?"

ನಾನು ಎದ್ದು ನಿಂತೆ. ಇಷ್ಟು ವರ್ಷದ ನೌಕರಿಯಲ್ಲಿ ಯಾವ ಸಾಹೇಬರ ಮುಂದೆಯೂ ನಾನು ಹಾಗೆ ಎದ್ದು ನಿಂತು ಮಾತಾಡಿದವನಲ್ಲ. ಕಿಟಕಿಯ ಹೊರಗೆ ನಿಂತಿದ್ದವರ ಕಡೆ ಕೈ ತೋರಿಸಿದೆ.

"ಇವರಿಗೆ ಸಾರ್. ತಂಡ ಇವರದು. ಇನ್ನೂ ಅರ್ಧ ಆಟ ಐತೆ, ನೀವೂ ಕೇಳೋದಾದ್ರೆ ಸಾಲಿನಾಗೆ ನಿಂತ್ಕಳ್ರಿ."